ಸ್ಪೀಕರ್ ಆರಿಸಿದ್ದು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 3.30

ಬೆಳಗಿನ ಪಾಳಿ ಮುಗಿಸಿ ಬಂದೆ. ಹನ್ನೆರಡು ಮಗ್ಗ. ಒಂದರಲ್ಲಿ ನೂಲು ಗಂಟು ಹಾಕಿ ತಿರುಗುವಷ್ಟರಲ್ಲಿ ಇನ್ನೊಂದರಲ್ಲಿ ಕಡಿತ. ಕಾಲು ಮರಗಟ್ಟಿದೆ. ಚಪ್ಪಲಿ ಬಿಡುವ ಮೊದಲೇ ಮಗಳು ಫೋನ್ ಹಿಡಿದು ನಿಂತಿದ್ದಳು. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷವಂತೆ — ನನಗೇ ಮರೆತಿತ್ತು. ಇಪ್ಪತ್ತಮೂರಕ್ಕೆ ತಾರಸಿಯ ಮೇಲೆ ಪಾರ್ಟಿ. ಮೂವತ್ತು ಜನ. ಬ್ಲೂಟೂತ್ ಸ್ಪೀಕರ್ ಬೇಕು. ಆಮೇಲೆ ಮನೆಯಲ್ಲೂ ಹಾಡು ಕೇಳಬಹುದು. ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಗಂಟೆ, ನೀರು ಬಿದ್ದರೆ ಏನು... ಅರ್ಧ ತಲೆಗೆ ಹೋಯಿತು.

"ಅಪ್ಪನಿಗೆ ಜೋರಾಗಿದ್ರೆ ಸಾಕು. ನೀನೇ ಕೇಳಿ ಆರಿಸಮ್ಮ. ನಿನ್ ಕಿವಿ ಚುರುಕು."

ಚುರುಕಾಗಿತ್ತು. ಮದುವೆಯಾದ ಹೊಸದರಲ್ಲಿ ಪಕ್ಕದ ಮನೆಯ ರೇಡಿಯೊ ಕೇಳಿಯೇ ಹಾಡು ಕಲಿಯುತ್ತಿದ್ದೆ.

ಮಾರ್ಚ್ 8, ಶನಿವಾರ

ಮಗಳಿಗೆ ಪರೀಕ್ಷೆ. ಒಬ್ಬಳೇ ಅಂಗಡಿಗೆ ಹೋದೆ. ಅಂಗಡಿಯವನದು ಮೆಲುದನಿ, ಮಾತಾಡುವಾಗ ಬಾಯಿಗೆ ಕೈ ಅಡ್ಡ. ಮೇಜಿನ ಮೇಲೆ ಮೂರು ಸ್ಪೀಕರ್ ಇಟ್ಟು ಮೂರರಲ್ಲೂ ಒಂದೇ ಹಾಡು ಹಾಕಿದ. ಮೊದಲನೆಯದರಲ್ಲಿ ಡೋಲಿನ ಸದ್ದು. ಎರಡನೆಯದರಲ್ಲೂ ಡೋಲು. ಮೂರನೆಯದರಲ್ಲೂ.

"ಹಿಂದೆ ಕೊಳಲು ಬರ್ತಿದೆ ನೋಡಿ ಅಕ್ಕ, ಎಷ್ಟು ಸ್ಪಷ್ಟ!"

ತಲೆಯಾಡಿಸಿದೆ. ಯಾವ ಕೊಳಲು?

ಎತ್ತಿದರೆ ಹಗುರವಾಗಿದ್ದ ಮೂರನೆಯದನ್ನು ತೋರಿಸಿದೆ. ಅವನು ಕಪಾಟಿನ ಕಡೆ ತಿರುಗಿ ಏನೋ ಹೇಳಿದ. ಹೂಂ ಅಂದೆ. ಮತ್ತೇನೋ ಕೇಳಿದ. ಹೂಂ, ಪರವಾಗಿಲ್ಲ ಅಂದೆ. ಅದನ್ನೇ ತಂದೆ. ಸಾಕಾಗಿತ್ತು.

ಮಾರ್ಚ್ 9, ಭಾನುವಾರ

ಮಗಳು ಹಾಡು ಹಾಕಿದವಳೇ ಮುಖ ಕಿವುಚಿದಳು. "ಅಮ್ಮ, ಕಿರ್ ಅಂತಿದೆಯಲ್ಲ! ಅಂಗಡೀಲಿ ಕೇಳಿಸ್ಲಿಲ್ವಾ?"

ಕಿವಿ ಹತ್ತಿರ ಹಿಡಿದೆ. ಡೋಲು, ಅಷ್ಟೇ. "ಅಲ್ಲಿ ಚೆನ್ನಾಗೇ ಇತ್ತು. ಕಟ್ಟಿ ಕೊಡುವಾಗ ಬದಲಾಯಿಸಿದಾನೆ" ಅಂದುಬಿಟ್ಟೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

ಯಜಮಾನರು ಉಗುರಿನ ಸಂದಿಯ ಪೇಂಟ್ ಕೆರೆಯುತ್ತ ಕೂತಿದ್ದರು. ಗೋಡೆಗಳಿಗೆ ಬಣ್ಣ ಬಳಿಯುವ ಕೈ, ಭಾನುವಾರವೂ ಚೊಕ್ಕವಾಗುವುದಿಲ್ಲ. "ನಿಮ್ಮಮ್ಮನ್ನ ಸ್ಪೀಕರ್ ತರೋಕೆ ಕಳ್ಸಿದ್ದು ಕಿವುಡನ ಮುಂದೆ ಶಂಖ ಊದಿದ ಹಾಗಾಯ್ತು" ಅಂದರು. ತಮಾಷೆಗೆ. ಎಲ್ಲರೂ ನಕ್ಕೆವು. ನಾನೂ.

ಮಾರ್ಚ್ 10, ಸೋಮವಾರ

ಪಾಳಿ ಮುಗಿಸಿ, ಚೀಲದಲ್ಲಿದ್ದ ಸ್ಪೀಕರ್ ಸಮೇತ ಸೀದಾ ಅಂಗಡಿಗೆ. ನಾಲ್ಕು ಗಿರಾಕಿಗಳಿದ್ದರು. ಅವರೆದುರೇ ಕೂಗಾಡಿದೆ — ತೋರಿಸಿದ್ದೊಂದು, ಕೊಟ್ಟಿದ್ದೊಂದು, ಕಳ್ಳ ವ್ಯಾಪಾರ ಅಂತ. ಅವನು ಈಚೆ ಬಂದು ನನ್ನೆದುರು ನಿಂತ.

"ಅಕ್ಕ, ಇದು ತೋರ್ಸೋಕೆ ಇಟ್ಟ ಪೀಸು, ಸ್ವಲ್ಪ ಕಿರ್ ಅನ್ನತ್ತೆ ಅಂದೆ. ಹೊಸದು ಗುರುವಾರ ಬರತ್ತೆ, ಇದೇ ಆದ್ರೂ ಪರವಾಗಿಲ್ವಾ ಅಂತ್ಲೂ ಕೇಳ್ದೆ. ನೀವೇ ಹೂಂ ಅಂದ್ರಿ."

ಸ್ಪೀಕರ್ ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ, ಬದಲಾಯಿಸಿ ಕೊಡ್ತಾನಂತೆ ಅಂದೆ.

ಇನ್ನೆಷ್ಟಕ್ಕೆ ಹೂಂ ಅಂದಿದ್ದೇನೋ. ಹೋದ ವರ್ಷ ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಮಗಳು ನನ್ನ ಬೆನ್ನಿಗೆ ಹಣೆ ಒತ್ತಿ ಏನೋ ಹೇಳಿ ಅತ್ತಳು. ಹೂಂ ಅಂದು ತಲೆ ಸವರಿದೆ. ಏನು ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ 19, ಬುಧವಾರ

ರಜೆ ಹಾಕಿದೆ. ಮನೆಯಲ್ಲಿ ಹೇಳಿಲ್ಲ. ಆಸ್ಪತ್ರೆಯಲ್ಲಿ ಗೂಡಿನಂಥ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೆ ಗುಂಡಿ. ಸದ್ದು ಬಂದಾಗಲೆಲ್ಲ ಒತ್ತಬೇಕು. ಬಹಳ ಹೊತ್ತು ಏನೂ ಬರಲಿಲ್ಲ. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿಯ ಬೆರಳು ಮಾತ್ರ ಆಡುತ್ತಲೇ ಇತ್ತು.

ಡಾಕ್ಟರು ಕಾಗದ ತೋರಿಸಿದರು. ಗೆರೆ ಇಳಿಜಾರಿನಲ್ಲಿ ಜಾರಿದ ಹಾಗಿತ್ತು. ಇಪ್ಪತ್ತೆರಡು ವರ್ಷದ ಮಗ್ಗದ ಸದ್ದು. ಹೋದದ್ದು ಬರುವುದಿಲ್ಲ, ಕಿವಿಗೆ ಮಷೀನು ಹಾಕಿದರೆ ಅನುಕೂಲ. ನನ್ನ ಮುಖ ನೋಡುತ್ತಲೇ ಮಾತಾಡಿದರು. ಒಂದು ಪದವೂ ತಪ್ಪಲಿಲ್ಲ.

"ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾಮ್ಮ?"

"ಗೊತ್ತಾಗೋಕೆ ನಾನ್ ಬಿಡ್ಲಿಲ್ಲ."

ಮಾರ್ಚ್ 22, ಶನಿವಾರ

ಮಗಳ ಜೊತೆ ಅಂಗಡಿಗೆ ಹೋದೆ. ಇವತ್ತೂ ಗಿರಾಕಿಗಳಿದ್ದರು. ಇರಲಿ ಅನ್ನಿಸಿತು. ಅವರ ಮುಂದೆಯೇ ಹೇಳಿದೆ, "ಅವತ್ತಿನ ತಪ್ಪು ನಂದು. ಸುಮ್ಸುಮ್ನೆ ನಿಮ್ಮನ್ನ ಬೈದೆ. ನಂಗೆ ಕಿವಿ ಸರಿಯಾಗಿ ಕೇಳಲ್ಲ."

ಅವನು ಸ್ಟೂಲ್ ಎಳೆದು "ಕೂತ್ಕೊಳ್ಳಿ ಅಕ್ಕ" ಅಂದ. ಬಾಯಿಗೆ ಕೈ ಅಡ್ಡ ಇರಲಿಲ್ಲ. ಮಗಳು ಯಾವ ಸ್ಪೀಕರನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಅವಳೇ ಆರಿಸಿದಳು. ಹಿಡಿಕೆ ಇರುವುದು, ತಾರಸಿಗೆ ಸಾಕಾಗುವಂಥದ್ದು. ರಸ್ತೆಯಲ್ಲಿ ತಟ್ಟನೆ ನಿಂತು ನನ್ನ ಕಡೆ ತಿರುಗಿದಳು.

"ಹಾಗಾದ್ರೆ... ಅವತ್ತು ಅಡುಗೆಮನೇಲಿ ನಾನ್ ಹೇಳಿದ್ದು?"

"ಕೇಳಿಸಿರ್ಲಿಲ್ಲ ಮಗಳೇ."

ಮುಂದೆ ಮುಂದೆ ನಡೆದಳು.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9

ಪಾರ್ಟಿ ಸಂಜೆಗೆ. ಈಗಲೇ ಸುಸ್ತು. ಮಗಳು ಅಪ್ಪನಿಗೆ ಹೇಳಿರಬೇಕು. ಕಾಫಿ ಲೋಟ ಹಿಡಿದು ಎದುರಿಗೇ ಬಂದು ನಿಂತರು. "ಆ ಶಂಖದ ಮಾತು ಅಂದೆನಲ್ಲ..." ಅಂದು ಲೋಟ ಕೊಟ್ಟು ಹೋದರು. ಇಪ್ಪತ್ತೈದು ವರ್ಷದಲ್ಲಿ ಅವರು ಕಾಫಿ ಮಾಡಿದ್ದು ಇದು ಎರಡನೇ ಸಲ. ಸಕ್ಕರೆ ಇರಲಿಲ್ಲ. ಕುಡಿದೆ.

ತಾರಸಿಯಲ್ಲಿ ಸ್ಪೀಕರ್ ಪರೀಕ್ಷೆ ನಡೆದಿದೆ. ಮೇಜು ಅದುರುತ್ತಿದೆ. ಈಗ ನಿಂತಿತು.

ಮಗಳು ಬಂದಳು. ಕಿಟಕಿ ಮುಚ್ಚಿದಳು, ಫ್ಯಾನ್ ಆರಿಸಿದಳು. ಕುರ್ಚಿ ಎಳೆದು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಿದ್ದಾಳೆ. ಕಣ್ಣು ಕೆಂಪಗಿದೆ.

"ಬರೆಯೋದ್ ನಿಲ್ಸಮ್ಮ. ನನ್ ಮುಖ ನೋಡು. ಅವತ್ತು ನಾನ್ ಹೇಳಿದ್ದು —"

ಪೆನ್ನು ಕೆಳಗಿಡುತ್ತೇನೆ.