ಆಫೀಸಿನ ಲ್ಯಾಪ್‌ಟಾಪಿಗೆ ನಿನ್ನ ಪೆನ್‌ಡ್ರೈವ್

ಚಿನಕುರಳಿ,

ನೀನು ಹೂಕುಂಡ ಒಡೆದು ಮಂಚದ ಕೆಳಗೆ ಅವಿತುಕೊಂಡ ದಿನ ನಾನು ನಿನಗೆ ಒಂದು ಮಾತು ಕೊಟ್ಟಿದ್ದೆ: "ಏನೇ ತಪ್ಪು ಮಾಡಿದ್ರೂ ನೀನಾಗಿ ಬಂದು ಹೇಳು, ನಾನು ಇನ್ನೊಬ್ಬರ ಮುಂದೆ ಬಾಯಿ ಬಿಡಲ್ಲ."

ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀನಾಗಿಯೇ ಹೇಳಿದೆ: "ಅಪ್ಪಾ, ನೀನು ಸ್ನಾನಕ್ಕೆ ಹೋದಾಗ ನಿನ್ನ ಆಫೀಸಿನ ಲ್ಯಾಪ್‌ಟಾಪಿಗೆ ನನ್ನ ಪೆನ್‌ಡ್ರೈವ್ ಹಾಕ್ದೆ. ಪ್ರಾಜೆಕ್ಟ್ ಪ್ರಿಂಟ್ ತೆಗೀಬೇಕಿತ್ತು. ಎರಡೇ ನಿಮಿಷ, ಅದೇನು ಕರಗಿ ಹೋಯ್ತಾ?"

ಕರಗಲಿಲ್ಲ, ಮಗಳೇ. ಆದರೆ ಆ ಲ್ಯಾಪ್‌ಟಾಪಿನಲ್ಲಿ ಇಡೀ ಊರಿನ ಕುಡಿಯುವ ನೀರಿನ ಕೊಳವೆಗಳ ನಕ್ಷೆಯಿದೆ. ಗುತ್ತಿಗೆ ಕೊಡುವಾಗ ಸರ್ಕಾರ ನಮ್ಮ ಕಂಪನಿಯನ್ನು ನಂಬಿ ಕೊಟ್ಟದ್ದು. ಹೊರಗಿನದೇನನ್ನೂ ಅದಕ್ಕೆ ಜೋಡಿಸುವುದಿಲ್ಲ, ಜೋಡಿಸಿದರೆ ಒಂದು ದಿನದೊಳಗೆ ತಿಳಿಸುತ್ತೇನೆ ಎಂದು ಸಹಿ ಹಾಕಿದ್ದೇನೆ. ಅದನ್ನು ಲಾಕ್ ಮಾಡದೆ ಎದ್ದುಹೋದದ್ದು ನನ್ನ ತಪ್ಪು. ಆಫೀಸಿಗೆ ಕೊಡಲಿರುವ ವರದಿಯಲ್ಲಿ ಅದನ್ನೇ ಮೊದಲು ಬರೆದಿದ್ದೇನೆ.

ಬೆಳಿಗ್ಗೆ ನೀನು ಏಳುವ ಮುಂಚೆ ಹೊರಟಿರುತ್ತೇನೆ. ಆಫೀಸಿನವರು ಪರೀಕ್ಷಿಸಲೆಂದು ಪೆನ್‌ಡ್ರೈವ್ ಒಯ್ಯುತ್ತಿದ್ದೇನೆ, ಹುಡುಕಾಡಬೇಡ. ಅದನ್ನು ಮನೆಯ ಕಂಪ್ಯೂಟರಿಗೂ ಹಾಕಿದ್ದೀಯ. ಅವರು ನೋಡುವವರೆಗೆ ಆ ಕಂಪ್ಯೂಟರನ್ನೂ ಮುಟ್ಟಬೇಡ, ಏನನ್ನೂ ಅಳಿಸಬೇಡ. ಪ್ರಾಜೆಕ್ಟಿಗೆ ಇನ್ನೆರಡು ದಿನ ಕೇಳಿ ನಿಮ್ಮ ಮೇಷ್ಟ್ರಿಗೆ ಬರೆದ ಪತ್ರ ನಿನ್ನ ಚೀಲದಲ್ಲಿದೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿಯದೆ ಓಡಬೇಡ. ಆಫೀಸಿನವರು ಫೋನ್ ಮಾಡಿದರೆ ನನಗೆ ಹೇಳಿದಷ್ಟೇ ಹೇಳು. ನನ್ನನ್ನು ಉಳಿಸಲು ಕಥೆ ಕಟ್ಟಬೇಡ.

ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ವರದಿಯಲ್ಲಿ ಪೆನ್‌ಡ್ರೈವ್ ಜೋಡಿಸಿದವರು ಯಾರು ಎಂದು ಕೇಳಿದ ಜಾಗದಲ್ಲಿ ಮೊದಲು ನನ್ನ ಹೆಸರು ಬರೆದೆ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಆಮೇಲೆ ಹೊಡೆದುಹಾಕಿ ನಿನ್ನ ಹೆಸರು ಬರೆದೆ.

ಕೊಟ್ಟ ಮಾತಿಗೆ ತಪ್ಪಿದ್ದೇನೆ.

ಅಪ್ಪ