ಲಿನೆಯೊಳ ತಾಯಿ ಬರೆದ ಗೋಡೆ

ಸೆಪ್ಟೆಂಬರ್ 2, ಶನಿವಾರ

ಸಗಣಿ ಸಾಲದು. ಎರಡು ಬಕೆಟ್ ಆಯಿತು, ಇನ್ನೂ ಎರಡು ಬೇಕು. ಹಸಿಯದೇ ಆಗಬೇಕು. ಒಣಗಿದ್ದು ಕಲಸಿದರೆ ಗೋಡೆ ಬಿರಿಯುತ್ತದೆ. ಕೆಮ್ಮಣ್ಣು ಹೊಳೆದಂಡೆಯಿಂದ ತಂದದ್ದಾಯಿತು, ಜರಡಿ ಹಿಡಿದದ್ದೂ ಆಯಿತು. ಪೀಚ್ ಮರ ಹೂ ಬಿಟ್ಟಿದೆ. ಅಂದರೆ ಗೋಡೆ ಸಾರಿಸುವ ಹೊತ್ತು. ಮೊದಲು ಅಂಗೈಯಿಂದ ಸಾರಣೆ, ಅದು ಹಸಿ ಇರುವಾಗಲೇ ಬೆರಳಿನಿಂದ, ಫೋರ್ಕಿನಿಂದ ಗೆರೆ. ಹೊಲದಲ್ಲಿ ನೇಗಿಲು ಎಳೆದ ಸಾಲಿನ ಹಾಗೆ. ಒಂದು ಚೌಕ, ಅದರ ಪಕ್ಕ ಅದರದೇ ಪ್ರತಿಬಿಂಬ, ಕೆಳಗೆ ಮತ್ತೆರಡು. ಮಳೆಗಾಲದಲ್ಲಿ ಎಲ್ಲ ತೊಳೆದು ಹೋಗುತ್ತದೆ. ಮುಂದಿನ ವರ್ಷ ಮತ್ತೆ.

ಅತ್ತೆ ಬಿಸಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಪೊರೆ ಬಂದು ಮೂರು ವರ್ಷ. ಬಾಯಿಗೆ ಏನೂ ಬಂದಿಲ್ಲ.

"ಮಾಲಿನೆಯೊ, ಮಣ್ಣು ಗಟ್ಟಿಯಾಯ್ತು. ಸದ್ದಲ್ಲೇ ಗೊತ್ತಾಗುತ್ತೆ. ಎಂ.ಎ. ಓದಿದೋರಿಗೆ ನೀರು ಎಷ್ಟು ಅಂತ ಗೊತ್ತಾಗಲ್ವಾ?"

ನೀರು ಹಾಕಿದೆ. ಇಪ್ಪತ್ತನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ.

ಮಾಲಿನೆಯೊ. ಲಿನೆಯೊಳ ತಾಯಿ. ಸೊಸೆ ಹೊಸಿಲು ದಾಟಿದ ದಿನವೇ, ಮುಂದೆ ಅವಳ ಹೊಟ್ಟೆಯಲ್ಲಿ ಹುಟ್ಟಬೇಕಾದ ಮೊದಲ ಮಗುವಿನ ಹೆಸರನ್ನು ಅತ್ತೆ ಮನೆಯವರು ಕೊಟ್ಟುಬಿಡುತ್ತಾರೆ ನಮ್ಮಲ್ಲಿ. ಅವತ್ತಿನಿಂದ ನಾನು ಪುಲಾನೆ ಅಲ್ಲ. ಎರಡು ಸಲ ಆಸೆ ಹುಟ್ಟಿ ಮೂರನೇ ತಿಂಗಳಿಗೇ ಹೋಯಿತು. ಲಿನೆಯೊ ಬರಲಿಲ್ಲ. ಹೆಸರು ಮಾತ್ರ ದಿನಕ್ಕೆ ಹತ್ತು ಸಲ ಬರುತ್ತದೆ.

"ಈ ಸಲ ಗೋಡೆ ಚೆನ್ನಾಗಿರ್ಲಿ," ಎಂದರು. "ಮದುವೆ ಇದೆ."

"ಯಾರದ್ದು ಅತ್ತೆ?"

"ನಾಳೆ ಮೊಖೇಲೆ ಬಂದು ಹೇಳ್ತಾನೆ."

ಮೊಖೇಲೆ ಗಂಡನ ಚಿಕ್ಕಪ್ಪ. ಈ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರೂ ಇಲ್ಲವಲ್ಲ...

ಸೆಪ್ಟೆಂಬರ್ 3, ಭಾನುವಾರ, ಮಧ್ಯಾಹ್ನ 3

ಮೊಖೇಲೆ ಮಾವ ಕಂಬಳಿ ಹೊದ್ದು ಬಂದರು. ಕಂಬಳಿ ಹೊದ್ದು ಬಂದರೆ ದೊಡ್ಡ ಮಾತೇ. ಸೆಲ್ಲೊ ತನ್ನ ಶೂ ನೋಡಿಕೊಂಡು ಕೂತಿದ್ದ. ಗಂಡ ಶೂ ನೋಡಿಕೊಂಡಾಗಲೇ ಅರ್ಧ ತಿಳಿಯಿತು.

ಅವನಿಗೊಬ್ಬಳು ಮಗಳಿದ್ದಾಳೆ. ಇಪ್ಪತ್ತೊಂದು ವರ್ಷ. ಗಡಿಯಾಚೆ ಥಬೊಂಗ್‌ನಲ್ಲಿ. ಅವನು ಅಲ್ಲಿ ಚಿನ್ನದ ಗಣಿಯ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದಾಗ ಹುಟ್ಟಿದ್ದು. ತಿಂಗಳಿಗೊಮ್ಮೆ ಊರಿಗೆ ಬಂದು, ನನ್ನ ಪಕ್ಕ ಮಲಗಿ, ಬೆನ್ನು ನೋವು ಎನ್ನುತ್ತಿದ್ದ ಕಾಲ.

"ಹುಡುಗಿಗೆ ಒಳ್ಳೆ ಗಂಡು ಸಿಕ್ಕಿದೆ," ಮಾವ ಹೇಳಿದರು. "ಮರ್ಯಾದಸ್ತ ಮನೆ. ಹೆಣ್ಣಿಗೆ ಕೊಡೋ ತೆರದ ದನ ಹೊಡ್ಕೊಂಡು ಬರ್ತಾರೆ. ಆದ್ರೆ ನೋಡಮ್ಮಾ, ಅವಳ ತಾಯಿಗೆ ನಾವು ತೆರ ಕೊಟ್ಟಿಲ್ಲ. ತೆರ ಕೊಡದೆ ಹುಟ್ಟಿದ ಮಗು ತಾಯಿ ಕಡೇದು, ನಮ್ಮದಾಗಲ್ಲ. ನಮ್ಮದು ಅನ್ನಿಸ್ಕೊಬೇಕಾದ್ರೆ ಅದು ನಿನ್ನ ಮನೆ ಮಗು ಆಗ್ಬೇಕು."

"ನನ್ನ ಮನೆ ಅಂದ್ರೆ?"

"ಬೀಗರು ಬಂದಾಗ ತಾಯಿ ಯಾರು ಅಂತ ಕೇಳ್ತಾರೆ. ನೀನು ಎದ್ದು 'ನಾನೇ' ಅಂದ್ರೆ ಮುಗೀತು. ಒಂದೇ ಮಾತು."

"ಅವಳಿಗೆ ಒಬ್ಬ ತಾಯಿ ಇದ್ದಾಳಲ್ಲ ಮಾವ."

ಮಾವ ನಕ್ಕರು. ಸಮಸ್ಯೆ ತಾನಾಗಿಯೇ ಬಗೆಹರಿದವರ ನಗು.

"ದೇವರು ಮೊದ್ಲೇ ದಾರಿ ಮಾಡಿಟ್ಟಿದಾನಮ್ಮ. ಹುಡುಗಿ ಹೆಸರು ಲಿನೆಯೊ."

ಸೆಪ್ಟೆಂಬರ್ 9, ಶನಿವಾರ

ವಾರ ಬರೆಯಲಿಲ್ಲ. ಕಲಸಿದ ಮಣ್ಣು ಬಕೆಟ್‌ನಲ್ಲೇ ಕಲ್ಲಾಯಿತು. ಶಾಲೆಗೆ ಹೋದೆ, ಹತ್ತನೇ ತರಗತಿಗೆ ಕವಿತೆ ಪಾಠ ಮಾಡಿದೆ. ಕವಿ ಹೇಳದೆ ಬಿಟ್ಟದ್ದನ್ನು ಗಮನಿಸಿ ಎಂದು ಬೋರ್ಡಿನ ಮೇಲೆ ಬರೆದೆ. ಇಪ್ಪತ್ತೊಂದು ವರ್ಷ ಒಬ್ಬನು ಹೇಳದೆ ಬಿಟ್ಟದ್ದನ್ನು ಗಮನಿಸದವಳು.

ಸೆಲ್ಲೊ ಈಗ ರಾಜಧಾನಿ ಮಸೇರುವಿಗೆ ಟ್ಯಾಕ್ಸಿ ಓಡಿಸುತ್ತಾನೆ. ಬೆಳಗ್ಗೆ ಗಾಡಿ ತೊಳೆಯುತ್ತಿದ್ದವನನ್ನು ಹಿಡಿದೆ.

"ಬೇರೆ ಹೆಸರು ಸಿಗಲಿಲ್ವಾ ನಿಂಗೆ?"

"ನಾನಿಟ್ಟಿದ್ದಲ್ಲ ಪುಲಾನೆ."

ತಪ್ಪು ಮಾಡಿದಾಗ ಮಾತ್ರ ತವರಿನ ಹೆಸರು ಬರುತ್ತದೆ ಅವನ ಬಾಯಿಗೆ.

"ಮತ್ತೆ ಯಾರಿಟ್ಟಿದ್ದು?"

ಟೈರಿಗೆ ನೀರು ಹೊಡೆಯತೊಡಗಿದ. ಟೈರು ಆಗಲೇ ಶುಭ್ರವಾಗಿತ್ತು.

ಸೆಪ್ಟೆಂಬರ್ 16, ಶನಿವಾರ

ಹುಡುಗಿ ಬಂದಳು. ಉದ್ದನೆಯವಳು, ಸೆಲ್ಲೊನದೇ ಹಣೆ, ಉಗುರಿಗೆಲ್ಲ ನೇರಳೆ ಬಣ್ಣ. ಒಂದೊಂದು ಮನೆಗೂ ಅದರದೇ ಗೆರೆ, ಮನೆಮಗಳಿಗೆ ಅದು ಗೊತ್ತಿರಬೇಕಂತೆ. "ಕಲಿಸು," ಎಂದರು ಅತ್ತೆ. ಈ ಮನೆಯ ಗೆರೆ ಗೊತ್ತಿರುವುದು ಇಬ್ಬರಿಗೇ. ಒಬ್ಬರ ಬೆರಳು ಸಂಧಿವಾತದಿಂದ ಸೊಟ್ಟಗಾಗಿದೆ. ಉಳಿದವಳು ನಾನು. ಮದುವೆಯಾದ ಮೊದಲ ವರ್ಷ ನನ್ನ ಕೈ ಹಿಡಿದು ಹಿಡಿದು ತಿದ್ದಿದ್ದರು. ತವರಿನ ಗೆರೆ ಮರೆ, ಇದು ನಿನ್ನ ಗೋಡೆ ಎಂದಿದ್ದರು.

ಅಭ್ಯಾಸಕ್ಕೆಂದು ಹಿಂಗೋಡೆ ತೋರಿಸಿದೆ. ಹುಡುಗಿ ಸಗಣಿಗೆ ಕೈ ಹಾಕುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಮೊಣಕೈ ತನಕ ಇಳಿಸಿದಳು.

"ಉಗುರು ಹಾಳಾಗುತ್ತೆ," ಎಂದೆ.

"ಐವತ್ತು ರ‍್ಯಾಂಡಿನ ಉಗುರು ಅಮ್ಮಾ, ಹೋದ್ರೆ ಹೋಗ್ಲಿ. ಅಜ್ಜಿ ಬೈಗುಳ ಪುಕ್ಕಟೆ, ಅದಕ್ಕೇ ಮುಗಿಯಲ್ಲ."

ನಗು ಬಂತು. ತಡೆದುಕೊಂಡೆ. ಅಮ್ಮಾ ಎಂದದ್ದು ಹಿರಿಯರಿಗೆ ಎಲ್ಲರೂ ಎನ್ನುವ ಅಮ್ಮಾ. ಅಷ್ಟೇ. ಅಷ್ಟೇ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 17, ಭಾನುವಾರ, ಸಂಜೆ 5

ಕೆಲಸದ ನಡುವೆ ಕೇಳಿದೆ. ಫೋರ್ಕು ಎಳೆಯುತ್ತಲೇ, ಹವಾಮಾನ ಕೇಳುವವಳ ಹಾಗೆ.

"ನಿನ್ನ ತಾಯಿಯ ಹೆಸರೇನು?"

"ದಿಪುವೊ. ಆದ್ರೆ ನಮ್ಮ ಬೀದೀಲಿ ಯಾರಿಗೂ ಅದು ಗೊತ್ತೇ ಇಲ್ಲ. ಎಲ್ರಿಗೂ ಅವಳು ಮಾಲಿನೆಯೊ."

ಗೆರೆ ಸೊಟ್ಟಗಾಯಿತು. ಅಂಗೈಯಿಂದ ಅಳಿಸಿ ಮತ್ತೆ ಎಳೆದೆ. ಇಷ್ಟು ವರ್ಷ ಗಡಿಯ ಆಚೆಗೊಬ್ಬಳು, ಈಚೆಗೊಬ್ಬಳು. ಒಂದೇ ಹೆಸರಿಗೆ ಓಗೊಡುತ್ತ.

"ನಿಂಗೆ ಹೆಸರಿಟ್ಟಿದ್ದು ಯಾರು?"

"ಅಜ್ಜಿ. ನಾನು ಹುಟ್ಟಿ ಹದಿನೈದು ದಿನಕ್ಕೆ ಬಂದಿದ್ರಂತೆ. ನೀಲಿ ಕಂಬಳಿ ತಂದಿದ್ರು. ಅಮ್ಮ ಇನ್ನೂ ಪೆಟ್ಟಿಗೇಲಿ ಇಟ್ಕೊಂಡಿದಾಳೆ."

ನೆನಪಿದೆ. ಆ ವರ್ಷ ನಾನು ಎಂ.ಎ. ಪರೀಕ್ಷೆಗೆ ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿದ್ದೆ. ಅತ್ತೆ ಚರ್ಚಿನ ಹೆಂಗಸರ ಜೊತೆ ಪ್ರಾರ್ಥನೆಗೆ ಹೋಗಿದ್ದಾರೆ, ನಿನ್ನ ಮಡಿಲು ತುಂಬಲಿ ಎಂದು ಹರಕೆ ಹೊತ್ತಿದ್ದಾರೆ ಎಂದು ಸೆಲ್ಲೊ ಕಾಗದ ಬರೆದಿದ್ದ. ಓದಿ ಅತ್ತಿದ್ದೆ. ಎಂಥ ಅತ್ತೆ ಸಿಕ್ಕರು ಎಂದು.

ಕೈ ತೊಳೆಯದೆ ಒಳಗೆ ಹೋದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

"ನನ್ನ ಮಗೂ ಹೆಸರು ತಗೊಂಡು ಹೋಗಿ ಕೊಟ್ರಾ?"

ಕೈ ನಿಲ್ಲಲಿಲ್ಲ. ಯಾವ ವಿಷಯ ಎಂದೂ ಕೇಳಲಿಲ್ಲ.

"ಮೂರು ವರ್ಷ ಕಾದೆ. ನನ್ನ ಅತ್ತೆ ಹೆಸರು ಅದು. ಎಷ್ಟು ದಿನಾಂತ ಖಾಲಿ ಇಡೋದು?"

"ನನ್ನ ಕೇಳ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಹೊರಗೆ ಬಂದು ಮತ್ತೆ ಫೋರ್ಕು ಹಿಡಿದೆ.

ಸೆಪ್ಟೆಂಬರ್ 23, ಶನಿವಾರ

ಮುಂಗೋಡೆ ಮುಗಿಯಿತು. ಮೂರು ದಿನ ಶಾಲೆಗೆ ರಜೆ ಹಾಕಿದ್ದೆ. ಹುಡುಗಿಯನ್ನು ಹತ್ತಿರ ಬಿಡಲಿಲ್ಲ, ನೀರು ಮಣ್ಣು ಅಷ್ಟೇ ಅವಳದು. ಕೆಂಪು ಸಾರಣೆಯ ಮೇಲೆ ಬಿಳಿ ಸುಣ್ಣ, ಅಂಚಿಗೆ ಒಲೆಯ ಮಸಿ. ದಾರಿಯಲ್ಲಿ ಹೋಗುವವರು ನಿಂತು ಫೋನ್ ತೆಗೆದರು.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಪ್ರತಿ ವರ್ಷವೂ ಬೆರಳಾಡಿಸಿ ನೋಡುತ್ತಾರೆ. ಮೊದಲ ಚೌಕದ ಮೇಲೆ ಬೆರಳು ಹೋಯಿತು, ನಿಂತಿತು, ವಾಪಸು ಬಂತು. ಎರಡನೆಯದರ ಮೇಲೆ ಹೋಯಿತು.

"ಇದು ನಮ್ಮ ಮನೇದಲ್ಲ."

"ಅಲ್ಲ."

"ಯಾರದ್ದು?"

"ನನ್ನ ಅಮ್ಮಂದು."

ಇಪ್ಪತ್ತನಾಲ್ಕು ವರ್ಷ ಎಳೆಯದ ಗೆರೆ. ಮರೆತಿರಬೇಕು ಎಂದುಕೊಂಡಿದ್ದೆ. ಮಣ್ಣಿಗೆ ಬೆರಳು ಇಟ್ಟದ್ದೇ ತಡ, ಒಂದರ ಹಿಂದೊಂದು ಬಂತು. ಸೊಸೆ ಗಂಡನ ಮನೆಯ ಗೋಡೆಗೆ ತವರಿನ ಗೆರೆ ಹಾಕುವುದೆಂದರೆ, ಅದೂ ಮದುವೆಯ ಗೋಡೆಗೆ! ಹಿರಿಯರು ಮುಖಕ್ಕೆ ಉಗಿದ ಹಾಗೆ ತಿಳಿಯುತ್ತಾರೆ. ತಿಳಿಯಲಿ.

"ಕೆರೆದು ಹಾಕು."

"ಒಣಗಿದೆ ಅತ್ತೆ. ಕೆರೆದ್ರೆ ಸಾರಣೆಯೆಲ್ಲ ಕಿತ್ತು ಬರುತ್ತೆ. ಮತ್ತೆ ಮಣ್ಣು ತಂದು, ಸಾರಿಸಿ, ಒಣಗೋಕೆ ವಾರ ಸಾಲಲ್ಲ. ಬೀಗರು ಬರೋದು ಮುಂದಿನ ಶನಿವಾರ."

ಅತ್ತೆ ಬೈಯಲಿಲ್ಲ. ಆ ಸೊಟ್ಟ ಬೆರಳು ಇನ್ನೂ ಒಂದು ಸಾಲಿನುದ್ದಕ್ಕೆ ಹೋಗುತ್ತಲೇ ಇತ್ತು.

"ಗೆರೆ ನೆಟ್ಟಗಿದೆ," ಎಂದು ಒಳಗೆ ಹೋದರು.

ಗೆದ್ದೆ ಅನ್ನಿಸಬೇಕಿತ್ತು.

ಸೆಪ್ಟೆಂಬರ್ 24, ಭಾನುವಾರ

ಹುಡುಗಿ ನಲ್ಲಿಯ ಹತ್ತಿರ ಬಂದು ನಿಂತಳು. ಅವಳಿಗೆ ಎಲ್ಲ ಗೊತ್ತಾಗಿದೆ. ಸೆಲ್ಲೊ ಹೇಳಿರಬೇಕು.

"ಅಮ್ಮಾ, ನಿಮಗೆ ಇಷ್ಟ ಇಲ್ಲದಿದ್ರೆ ಎದ್ದು ನಿಲ್ಬೇಡಿ. ನಮ್ಮಮ್ಮ ಹೇಗೂ ಬರ್ತಿದಾಳೆ, ಅಡುಗೆಗೆ ಅಂತ. ಅವಳೇ ನಿಲ್ಲಲಿ. ದನ ಈ ಮನೆಗೆ ಬರಲ್ಲ, ಅಷ್ಟೇ ತಾನೇ?"

"ನಿಮ್ಮಪ್ಪ? ಮೊಖೇಲೆ ಮಾವ?"

"ಕೂಗಾಡ್ತಾರೆ. ಕೂಗಾಡ್ಲಿ. ಹುಡುಗನ್ನ ಕೇಳಿದೀನಿ. ಯಾರು ನಿಂತ್ರೂ ಅವನಿಗೆ ಸೈ ಅಂತೆ. ಮದ್ವೆ ನಿಲ್ಲಲ್ಲ."

ಇಷ್ಟು ಸುಲಭ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹೆತ್ತವಳು ಎದ್ದು ನಿಲ್ಲುತ್ತಾಳೆ. ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ.

ಹಾಗೇ ಆಗಲಿ ಎಂದೆ. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಉಗುರಿನ ನೇರಳೆ ಪೂರ್ತಿ ಹೋಗಿತ್ತು.

ಸೆಪ್ಟೆಂಬರ್ 29, ಶುಕ್ರವಾರ

ದಿಪುವೊ ಬಂದಳು. ಗಿಡ್ಡಗೆ, ದಪ್ಪಗೆ, ಕಾಲು ಸ್ವಲ್ಪ ಎಳೆಯುತ್ತಾಳೆ. ಇಷ್ಟು ದಿನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸು ಇವಳಲ್ಲ. ಬಂದವಳೇ ಏಪ್ರನ್ ಕಟ್ಟಿ ಮೂರು ಕಾಲಿನ ಹಂಡೆಗಳ ಕಡೆ ಹೋದಳು. ನನ್ನನ್ನು ಅಕ್ಕ ಎಂದಳು. ಕಣ್ಣೆತ್ತಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು, "ಮಾಲಿನೆಯೊ, ಉಪ್ಪು ಎಲ್ಲಿ?"

ಇಬ್ಬರೂ ತಿರುಗಿದೆವು.

ಅವಳು ತಕ್ಷಣ ತಲೆ ತಗ್ಗಿಸಿ ಬೆಂಕಿ ಊದಿದಳು. ಉಪ್ಪು ಕೊಟ್ಟದ್ದು ನಾನು.

ಅಕ್ಟೋಬರ್ 1, ಭಾನುವಾರ, ಮಧ್ಯಾಹ್ನ

ಬರೆಯಬೇಕು. ಬರೆಯದೆ ಇದ್ದರೆ ನಾಳೆಯಿಂದ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ.

ನಿನ್ನೆ ಬೀಗರು ಹಾಡುತ್ತ ಬಂದರು. ಗೋಡೆ ನೋಡಿ ಅವರ ಹೆಂಗಸರು ಸಂತೋಷಕ್ಕೆ ನಾಲಿಗೆ ಹೊರಳಿಸಿ ಉಲಿದರು. ಅಂಗಳದಲ್ಲಿ ಎಲ್ಲರೂ ಕೂತ ಮೇಲೆ ಗಂಡಿನ ಕಡೆಯ ಹಿರಿಯ ಎದ್ದ. ಕೈಯಲ್ಲಿ ಕೋಲು.

"ತಂದೆ ಯಾರು ಅಂತ ಹಣೆ ನೋಡಿದ್ರೇ ಗೊತ್ತಾಗುತ್ತೆ," ಎಂದ. ಎಲ್ಲರೂ ನಕ್ಕರು. "ತಾಯಿ ಎಲ್ಲಿ? ತಾಯಿ ಕೈಯಿಂದ್ಲೇ ಹುಡುಗೀನ ಕರ್ಕೊಂಡು ಹೋಗೋರು ನಾವು. ಲಿನೆಯೊಳ ತಾಯಿ ಯಾರಮ್ಮಾ?"

ಮೊಖೇಲೆ ಮಾವ ನನ್ನ ಕಡೆ ನೋಡಿದರು. ಹುಡುಗಿ ಹಂಡೆಗಳ ಕಡೆ ನೋಡಿದಳು. ನಾನು ಸುಮ್ಮನೆ ಕೂತಿದ್ದೆ. ಒಪ್ಪಿಕೊಂಡದ್ದು ಹಾಗೆಯೇ. ಸುಮ್ಮನಿರುವುದು ನನಗೇನು ಹೊಸದಲ್ಲ.

ಆಗ ಹೊಗೆಯ ಹಿಂದೆ ದಿಪುವೊ ಎದ್ದಳು. ಪೂರ್ತಿ ಅಲ್ಲ, ಅರ್ಧ. ಕೈಯಲ್ಲಿ ಮುದ್ದೆ ತಿರುವುವ ಕೋಲು. ಇನ್ನೊಂದು ಕೈಯನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಒಂದು... ಸಂತೋಷ ಅದು. ಬೇರೆ ಪದವಿಲ್ಲ.

ಅವಳು ಏಳುವುದನ್ನು ಕಂಡದ್ದೇ, ನನ್ನ ಬಾಯಿ ತೆರೆಯಿತು.

"ನಾನೇ."

ಜೋರಾಗಿ ಹೇಳಿದೆ. ಪಾಠದ ದನಿಯಲ್ಲಿ. ಎದ್ದು ನಿಂತೂ ಆಗಿತ್ತು. ಅತ್ತೆ ಕಣ್ಣು ಕಾಣದವರು, ನಾನು ಇದ್ದ ಕಡೆಗೆ ಮುಖ ಎತ್ತಿ ನಕ್ಕರು. ಹೆಂಗಸರು ಉಲಿದರು. ಹುಡುಗಿ ಬಂದು ನನ್ನ ಮುಂದೆ ಮಂಡಿಯೂರಬೇಕಾಯಿತು. ಊರಿದಳು. ಕೈ ಹಿಡಿಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ದಿಪುವೊ ಅಷ್ಟರಲ್ಲಿ ಕೂತಾಗಿತ್ತು. ಮುದ್ದೆ ತಿರುವುತ್ತಿದ್ದಳು.

ಸೆಲ್ಲೊಗಾಗಿ ಅಲ್ಲ. ದನಕ್ಕಾಗಿಯೂ ಅಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಅವಳು ಇಷ್ಟು ಸಲೀಸಾಗಿ, ಕೋಲು ಹಿಡಿದುಕೊಂಡೇ, ಎದ್ದು ತೆಗೆದುಕೊಳ್ಳುತ್ತಾಳಲ್ಲ ಎಂದು. ಅಷ್ಟೇ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕುತ್ತಿದ್ದೇನೆ ಬೆಳಗ್ಗೆಯಿಂದ. ಸಿಕ್ಕಿಲ್ಲ.

ಈಗ ಅರ್ಧ ಗಂಟೆಯ ಕೆಳಗೆ ದಿಪುವೊ ಹಂಡೆ ತೊಳೆಯುತ್ತಿದ್ದಳು. ಟ್ಯಾಕ್ಸಿ ಬರುವ ತನಕ ಕೈ ಖಾಲಿ ಇರಬಾರದಂತೆ. ಪಕ್ಕದಲ್ಲಿ ಕೂತು ಬೂದಿ ಕೊಟ್ಟೆ. ಏನಾದರೂ ಬೈದಿದ್ದರೆ...

"ಅಕ್ಕ, ಒಂದು ಕೇಳ್ಲಾ?"

"ಕೇಳು."

"ಮೊದಲ ಬಾಣಂತನಕ್ಕೆ ತಾಯಿ ಮನೆಗೆ ಕಳಿಸ್ತಾರಲ್ಲ. ಅಂದ್ರೆ ಇಲ್ಲಿಗೇ ಬರ್ತಾಳೆ. ಆಗ ನಾನೂ ಬರಬಹುದಾ? ನೀರು ಕಾಯಿಸೋಕೆ, ಬಟ್ಟೆ ಒಗೆಯೋಕೆ. ಹೆಚ್ಚು ದಿನ ಇರಲ್ಲ."

"ಬಾ."

ಹಂಡೆಯ ತಳ ತಿಕ್ಕಿದಳು. ಮಸಿ ಬಿಡುತ್ತಿರಲಿಲ್ಲ.

"ಬೀಗರು ಮಗು ನೋಡೋಕೆ ಬಂದು, ನೀನ್ಯಾರು ಅಂತ ಕೇಳಿದ್ರೆ... ಏನಂತ ಹೇಳ್ಲಿ ಅಕ್ಕ?"

ಚಿಕ್ಕಮ್ಮ ಅನ್ನು ಎಂದೆ.

ತಲೆಯಾಡಿಸಿದಳು. ಹಂಡೆಯ ಒಳಗೆ ಬಗ್ಗಿ, ಕಂಠಪಾಠ ಮಾಡುವ ಮಕ್ಕಳ ಹಾಗೆ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಲಿನೆಯೊಳ ಚಿಕ್ಕಮ್ಮ. ಲಿನೆಯೊಳ ಚಿಕ್ಕ...