ಕೀಲಿ ನನ್ನ ಹತ್ತಿರವೇ ಇತ್ತು

ಮಾರ್ಚ್ 3, ಸೋಮವಾರ

ಇವತ್ತೂ ಬೆಳಿಗ್ಗೆ ಆರಕ್ಕೇ ಕಾಲ್. ಹಲವು ದೇಶಗಳ ಪೊಲೀಸರು, ಪರದೆಯ ತುಂಬ ನಿದ್ದೆಗಣ್ಣು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪೈಜಾಮ — ನನ್ನದಂತೂ ಹಾಗೆಯೇ. ಥರ್ಮಾಸ್ ಮೇಡಂ ಎಂದಿನಂತೆ ಮೊದಲೇ ಹಾಜರು. ಅವರ ದೇಶದ ಸೈಬರ್ ವಿಭಾಗದವರು. ಮಾತಿಗೊಮ್ಮೆ ಥರ್ಮಾಸಿನಿಂದ ಏನೋ ಬಗ್ಗಿಸಿಕೊಳ್ಳುತ್ತಾರೆ. ಆಸ್ಪತ್ರೆಗಳ ಕಂಪ್ಯೂಟರಿಗೆ ಬೀಗ ಜಡಿದು ದುಡ್ಡು ಕೀಳುವ ಗ್ಯಾಂಗಿನ ಬೇಟೆ ನಮ್ಮದು. ಅವರ ಸರ್ವರ್ ಒಂದು ದೇಶದಲ್ಲಿ, ಬ್ಯಾಂಕ್ ಖಾತೆ ಇನ್ನೊಂದರಲ್ಲಿ, ಹುಡುಗರು ಮತ್ತೊಂದರಲ್ಲಿ. ಕಳ್ಳರಿಗೆ ವೀಸಾ ಬೇಡ. ನಮಗೆ ಒಂದು ಇಮೇಲ್ ಕಳಿಸಲೂ ಮೇಲಿನವರ ಅಪ್ಪಣೆ.

ಮುಗಿಸಿ ಅಡುಗೆಮನೆಗೆ ಬಂದರೆ ತಂಗಿ ಆರಾಮಾಗಿ ಚಹಾ ಕುಡಿಯುತ್ತಿದ್ದಾಳೆ. ಆಸ್ಪತ್ರೆಯಲ್ಲಿ ಕ್ಯಾನ್ಸರಿನವರಿಗೆ ರೇಡಿಯೇಷನ್ ಕೊಡುವ ಟೆಕ್ನಿಷಿಯನ್ ಅವಳು. ಕಳೆದ ವಾರ ಅವಳ ಮೆಷಿನ್ನಿಗೂ ಇದೇ ಗ್ಯಾಂಗಿನ ಬೀಗ ಬಿದ್ದಿದೆ.

“ಏನ್ ಮೀಟಿಂಗ್ ರಾಣಿ, ಕಳ್ಳರು ಸಿಕ್ಕಿದ್ರಾ?”

“ಸಿಗ್ತಾರೆ.”

“ಬೇಗ ಹಿಡೀರಮ್ಮ. ನನ್ನ ಸೀಟಿ ಅಕ್ಕ ಕಾಯ್ತಿದಾಳೆ.”

ಸೀಟಿ ಅಕ್ಕ ಬಸ್ ಕಂಡಕ್ಟರ್. ಗಂಟಲ ಕ್ಯಾನ್ಸರ್. ಚಿಕಿತ್ಸೆಗೂ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಬರುತ್ತಾಳಂತೆ. ಯಾರಾದರೂ ಸಾಲು ತಪ್ಪಿಸಿ ನುಗ್ಗಿದರೆ ಊದಿಯೇಬಿಡುತ್ತಾಳಂತೆ. ಅರ್ಧ ಚಿಕಿತ್ಸೆ ಆಗಿದೆ. ನಡುವೆ ನಿಂತರೆ ಗಡ್ಡೆ ಮತ್ತೆ ತಲೆ ಎತ್ತುತ್ತದೆ. ಬೇರೆ ಆಸ್ಪತ್ರೆಗೆ ಕಳಿಸೋಣವೆಂದರೆ ಅಲ್ಲಿ ಉದ್ದ ಸರದಿ. ಮೇಲಾಗಿ ಇದುವರೆಗೆ ಎಲ್ಲಿಗೆ, ಎಷ್ಟು ಕೊಟ್ಟಿದ್ದಾರೆ ಎನ್ನುವ ವಿವರವೂ ಆ ಬೀಗದೊಳಗೇ.

ಮಾರ್ಚ್ 5, ಬುಧವಾರ

ಕೀಲಿ ಸಿಕ್ಕಿತು! ಥರ್ಮಾಸ್ ಮೇಡಂ ತಂಡದವರು ಗ್ಯಾಂಗಿನ ಸರ್ವರಿನೊಳಗೆ ನುಸುಳಿ ಎಲ್ಲ ಆಸ್ಪತ್ರೆಗಳ ಕೀಲಿಗಳನ್ನೂ ನಕಲು ಮಾಡಿಕೊಂಡು ಬಂದಿದ್ದಾರೆ. ತಂಗಿಯ ಆಸ್ಪತ್ರೆಯದು ನನಗೆ ಬಂತು. ಕೀಲಿ ಅಂದರೆ ಅಕ್ಷರ, ಅಂಕೆಗಳ ಒಂದು ಉದ್ದ ಸಾಲು, ಅಷ್ಟೆ. ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ. ಪೈಜಾಮ ಕಂಡಿತೋ ಏನೋ.

ಆಮೇಲೆ ಷರತ್ತು ಬಂತು. ಯಾರೂ ಕೀಲಿ ಬಳಸುವಂತಿಲ್ಲ. ಇನ್ನೂ ಬೀಗ ಬೀಳದ ಎಷ್ಟೋ ಆಸ್ಪತ್ರೆಗಳೊಳಗೆ ಗ್ಯಾಂಗ್ ಆಗಲೇ ಹೊಕ್ಕು ಕೂತಿದೆ. ಯಾವುವು ಎಂಬುದು ಹುಡುಗರನ್ನು ಹಿಡಿದ ಮೇಲೆಯೇ ಗೊತ್ತಾಗುವುದು. ಈಗ ಒಂದು ಆಸ್ಪತ್ರೆ ತೆರೆದರೂ ಅವರಿಗೆ ವಾಸನೆ ಹತ್ತುತ್ತದೆ. ಹೊಕ್ಕು ಕೂತ ಆಸ್ಪತ್ರೆಗಳಿಗೆಲ್ಲ ಒಂದೇ ಏಟಿಗೆ ಬೀಗ ಜಡಿದು ಪರಾರಿ. ಆದ್ದರಿಂದ ಎಲ್ಲ ದೇಶಗಳಲ್ಲೂ ಏಕಕಾಲಕ್ಕೆ ದಾಳಿ, ಬರುವ ಮಂಗಳವಾರ. ಅಲ್ಲಿಯವರೆಗೆ ಮನೆಯವರ ಮುಂದೆಯೂ ತುಟಿ ಬಿಚ್ಚಬಾರದು.

ಒಪ್ಪಿದೆ. ಒಂದು ವಾರ ತಾನೆ...

ಮಾರ್ಚ್ 8, ಶನಿವಾರ

ಊಟದ ಹೊತ್ತಿಗೆ ನಾನೇ ಕೇಳಿದೆ, “ಸೀಟಿ ಅಕ್ಕ ಹೇಗಿದಾಳೆ?” ಯಾಕೆ ಕೇಳಿದೆನೋ. ಹಾಳು ನಾಲಿಗೆ.

“ದಿನಾ ಬಂದು ಕೂತಿರ್ತಾಳೆ. ಹೋಗು ಅಂದ್ರೂ ಹೋಗಲ್ಲ. ‘ಇದ್ದಕ್ಕಿದ್ದ ಹಾಗೆ ಮೆಷಿನ್ ಶುರುವಾದ್ರೆ ಮೊದಲನೇ ಟಿಕೆಟ್ ನಂದು’ ಅಂತಾಳೆ. ಗಂಟಲು ಮತ್ತೆ ಕಟ್ಟಿಕೊಳ್ತಿದೆ.”

ತಟ್ಟೆ ಪಕ್ಕಕ್ಕೆ ಸರಿಸಿದೆ. ನೀರು ಕುಡಿದೆ. “ಏನಾಯ್ತೇ?” ಎಂದು ತಂಗಿ ಬೆನ್ನು ಸವರಿದಳು. ಅದೇ ಸಹಿಸಲಾಗಲಿಲ್ಲ.

ಮಾರ್ಚ್ 11, ಮಂಗಳವಾರ

ದಾಳಿ ಇಲ್ಲ. ಹುಡುಗರಿರುವ ದೇಶದಲ್ಲಿ ನ್ಯಾಯಾಧೀಶರ ಸಹಿ ಬಿದ್ದಿಲ್ಲ. ಕಾಗದಪತ್ರ ಅವರ ಭಾಷೆಗೆ ಅನುವಾದವಾಗಬೇಕು, ಅನುವಾದಕ್ಕೆ ಮೊಹರು ಬೇಕು, ಮೊಹರಿನವರು ರಜೆ. ಇನ್ನೆರಡು ವಾರ ಎಂದರು, ಎರಡು ನಿಮಿಷ ಎನ್ನುವಷ್ಟು ಸಲೀಸಾಗಿ.

ಕೂಗಾಡಿದೆ. ಒಂದೇ ಒಂದು ಮೆಷಿನ್ ಬಿಡಿ, ನೆಟ್ ಕಿತ್ತು ತೆರೆಯುತ್ತೇವೆ ಎಂದೆ. ಗುಣವಾಗುತ್ತಿರುವ ರೋಗಿಗಳು ಸುದ್ದಿಯಾಗುತ್ತಾರೆ, ಸುದ್ದಿ ಗ್ಯಾಂಗಿಗೂ ಮುಟ್ಟುತ್ತದೆ, ಆಗದು ಎಂದರು. ಎಲ್ಲರೂ ಹೋದ ಮೇಲೂ ಥರ್ಮಾಸ್ ಮೇಡಂ ಪರದೆಯ ಮೇಲೆ ಉಳಿದರು.

“ನಮ್ಮಪ್ಪ ಡಯಾಲಿಸಿಸ್‌ಗೆ ಹೋಗೋ ಆಸ್ಪತ್ರೆನೂ ಮುಚ್ಚಿದೆ. ದೂರದ ಊರಿಗೆ ಕರ್ಕೊಂಡು ಹೋಗ್ತಿದ್ದೀನಿ. ದಾರಿ ಪೂರ್ತಿ ನರಳ್ತಾರೆ,” ಎಂದರು. “ಅದರ ಕೀಲಿನೂ ನನ್ನ ಹತ್ರಾನೇ ಇದೆ.”

ಇವತ್ತು ಅವರು ಥರ್ಮಾಸ್ ಮುಟ್ಟಲಿಲ್ಲ.

ಮಾರ್ಚ್ 14, ಶುಕ್ರವಾರ

ಕೀಲಿಯನ್ನು ಪೆನ್‌ಡ್ರೈವಿಗೆ ಹಾಕಿ, ಬ್ಯಾಗಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಹೋಗಿಬಿಟ್ಟೆ. ಕೆಲಸ ಹೋದರೆ ಹೋಗಲಿ ಎಂದುಕೊಂಡಿದ್ದೆ. ವೇಟಿಂಗ್ ಹಾಲಿನ ಮೂಲೆಯಲ್ಲಿ ಖಾಕಿ ಅಂಗಿ, ಕೊರಳಲ್ಲಿ ಸೀಟಿ. ತಂಗಿ ಪರಿಚಯ ಮಾಡಿಸಿ ಒಳಗೆ ಹೋದಳು.

“ಪೊಲೀಸಕ್ಕ ಅಂದ್ರೆ ನೀವೇನಾ?” ದನಿಯೇ ಇಲ್ಲ, ಬರೀ ಗಾಳಿ. “ಕಳ್ಳರು ಗೊತ್ತಾದ್ರಾ?”

ಕೆಲಸ ನಡೆಯುತ್ತಿದೆ ಎಂದೆ.

“ನನ್ನ ಬಸ್ಸಿಗೆ ಜೇಬುಗಳ್ಳ ಹತ್ತಿದ್ರೆ ನಾನು ತಕ್ಷಣ ಬಾಯಿ ಮಾಡ್ತಿರಲಿಲ್ಲ. ಮಾಡಿದ್ರೆ ಇಳಿದು ಓಡ್ತಾನೆ, ನಾಳೆ ಬೇರೆ ಬಸ್ಸು ಹತ್ತುತಾನೆ. ಸುಮ್ನೆ ಇದ್ದು, ಸೀದಾ ಸ್ಟೇಷನ್ ಮುಂದೆ ಸೀಟಿ ಊದ್ತಿದ್ದೆ.” ನಕ್ಕಳು, ಕೆಮ್ಮಿದಳು, ಕರವಸ್ತ್ರ ಬಾಯಿಗೊತ್ತಿದಳು. ಅದರಲ್ಲಿ ರಕ್ತವಿತ್ತು.

ಪೆನ್‌ಡ್ರೈವ್ ಬ್ಯಾಗಿನಲ್ಲೇ ವಾಪಸ್ ಬಂತು. ಅವಳ ಮಾತನ್ನೇ ನೆಪ ಮಾಡಿಕೊಂಡೆನಾ? ತನ್ನ ವಿಷಯವೇ ಎಂದು ಅವಳಿಗೇನು ಗೊತ್ತಿತ್ತು! ಹೆದರಿದ್ದೂ ನಿಜ. ಬೇರೆ ಆಸ್ಪತ್ರೆಗಳ ಮಕ್ಕಳು ಮರಿ ನೆನಪಾಗಿದ್ದೂ ನಿಜ. ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮಾರ್ಚ್ 25, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು?

ಇವತ್ತು ಆಯಿತು. ಎಲ್ಲ ಕಡೆ ಒಟ್ಟಿಗೆ ಬಾಗಿಲು ಬಡಿದರು. ಹುಡುಗರು ಸಿಕ್ಕರು, ಹೊಂಚು ಹಾಕಿದ್ದ ಆಸ್ಪತ್ರೆಗಳ ಪಟ್ಟಿಯೂ ಸಿಕ್ಕಿತು. ಬಹಳ ಉದ್ದದ ಪಟ್ಟಿ. ಅದರಲ್ಲೊಂದು ಎಳೆಗೂಸುಗಳ ಆಸ್ಪತ್ರೆ. ಪರದೆಯಲ್ಲಿ ಎಲ್ಲರೂ ಚಪ್ಪಾಳೆ. ಥರ್ಮಾಸ್ ಮೇಡಂ ಮಾತ್ರ ಆಗಲೇ ಎದ್ದು ಹೋಗಿದ್ದರು — ಅಪ್ಪನಿಗೆ ಫೋನ್ ಮಾಡಲು ಇರಬೇಕು.

ಮಧ್ಯಾಹ್ನ ತಂಗಿಯ ಫೋನ್. “ಮೆಷಿನ್ ಶುರುವಾಯ್ತು ಅಕ್ಕ! ಮೊದಲನೇ ಟಿಕೆಟ್ ಸೀಟಿ ಅಕ್ಕಂದೇ!”

ಮಾರ್ಚ್ 26, ಬುಧವಾರ

ಟಿವಿಯಲ್ಲಿ ನಮ್ಮ ಸಾಹೇಬರು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವ ಭರದಲ್ಲಿ ಹೇಳಿಯೇಬಿಟ್ಟರು: “ಮೂರು ವಾರ ಕೀಲಿ ನಮ್ಮ ಕೈಯಲ್ಲೇ ಇತ್ತು. ಆದ್ರೂ ನಾವು ತಾಳ್ಮೆ ಕಳ್ಕೊಳ್ಳಲಿಲ್ಲ.”

ತಂಗಿ ಟಿವಿ ಆರಿಸಿದಳು. “ಅವತ್ತು ಆಸ್ಪತ್ರೆಗೆ ಬಂದಿದ್ಯಲ್ಲ. ಆಗ್ಲೂ ಇತ್ತಾ?”

“ಬ್ಯಾಗಲ್ಲೇ ಇತ್ತು.”

ಸುಳ್ಳು ಹೇಳಬಹುದಿತ್ತು. ಸಾಕಾಗಿತ್ತು. ಬಯ್ಯುತ್ತಾಳೆ ಎಂದು ಕಾದೆ. ತನ್ನ ತಟ್ಟೆ ಮಾತ್ರ ತೊಳೆದಿಟ್ಟು ಹೋಗಿ ಮಲಗಿದಳು. ನಾವಿಬ್ಬರೂ ಯಾವತ್ತೂ ಎರಡೂ ತಟ್ಟೆ ಒಟ್ಟಿಗೆ ತೊಳೆಯುವವರು.

ಏಪ್ರಿಲ್ 9, ಬುಧವಾರ

ಚಿಕಿತ್ಸೆ ಮತ್ತೆ ಶುರುವಾದರೂ ಗಡ್ಡೆ ಬಗ್ಗಲಿಲ್ಲ. ಸೀಟಿ ಅಕ್ಕನ ಧ್ವನಿಪೆಟ್ಟಿಗೆ ತೆಗೆಯಬೇಕಂತೆ. ನಡುವೆ ನಿಂತದ್ದರಿಂದಲೇ ಹೀಗಾಯಿತಾ ಎಂದು ತಂಗಿ ಕೇಳಿದ್ದಕ್ಕೆ ಡಾಕ್ಟರು, ಇರಬಹುದು, ಖಚಿತವಾಗಿ ಹೇಳಲಾಗದು ಎಂದರಂತೆ. ಆ ‘ಇರಬಹುದು’ ನನ್ನ ಪಾಲಿಗೆ.

ತಂಗಿ ಸಂಜೆ ಬಂದವಳೇ ನನ್ನ ಮೇಜಿನ ಮೇಲೆ ಸೀಟಿ ಇಟ್ಟಳು.

“ನಂಗೆ ಕೊಟ್ಟುಬಿಟ್ಳು. ಇನ್ಮೇಲೆ ಉಸಿರು ಕುತ್ತಿಗೆಯಿಂದ. ಊದೋಕಾಗಲ್ಲ.” ಎಷ್ಟೋ ದಿನಗಳ ನಂತರ ಮುಖ ನೋಡಿ ಮಾತಾಡಿದಳು. “ನೀನು ಮುಚ್ಚಿಟ್ಟಿದ್ದು ಸರಿನೇ ಇರಬಹುದು ಅಕ್ಕ. ಅಷ್ಟೊಂದು ಆಸ್ಪತ್ರೆ ಉಳೀತು, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಊಟಕ್ಕೆ ನನ್ನೆದುರೇ ಕೂತು ‘ಸೀಟಿ ಅಕ್ಕ ಹೇಗಿದಾಳೆ’ ಅಂತ ಕೇಳಿದ್ಯಲ್ಲ... ಹೇಗೆ ಕೇಳ್ದೆ?”

ಸೀಟಿ ಎತ್ತಿ ಕೈಯಲ್ಲಿ ಹಿಡಿದುಕೊಂಡೆ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಆರಕ್ಕೆ ಕಾಲ್. ಹೊಸ ಗ್ಯಾಂಗ್. ಶನಿವಾರ ತಂಗಿಯ ಆಸ್ಪತ್ರೆಯ ಬ್ಲಡ್‌ಬ್ಯಾಂಕ್ ಕಂಪ್ಯೂಟರಿಗೆ ಬೀಗ ಬಿದ್ದಿದೆ. ಥರ್ಮಾಸ್ ಮೇಡಂ ಸೊರಗಿದ್ದಾರೆ. ಅಪ್ಪ ಹೇಗಿದ್ದಾರೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೊನೆಗೆ ಅವರೇ ಮೆಲ್ಲಗೆ, ಕೀಲಿ ಸಿಕ್ಕಿದೆ, ಕಳಿಸಿದ್ದೇನೆ, ಯಾರೂ ಮುಟ್ಟಬೇಡಿ ಎಂದರು.

ಲ್ಯಾಪ್‌ಟಾಪ್ ಮುಚ್ಚಿ ತಿರುಗಿದರೆ ಬಾಗಿಲಲ್ಲಿ ತಂಗಿ. ಕೈಯಲ್ಲಿ ಎರಡು ಲೋಟ ಚಹಾ. ಟಿವಿ ಆರಿಸಿದ ಆ ರಾತ್ರಿಯಿಂದ ನನಗೆ ಚಹಾ ತಂದಿರಲಿಲ್ಲ.

“ಅಕ್ಕ, ಈ ಸಲ ಕೇಳ್ತಿರೋದು ನಾನು. ಸಿಕ್ಕಿದೆಯಾ?”

ಲೋಟ ತಗೊಂಡೆ. ಬಿಸಿ ಇತ್ತು. ಅವಳು ಕಾಯುತ್ತಿದ್ದಳು. ನಾನು—